ಒಂದೇ ಬುಟ್ಟಿಯಲ್ಲಿ ನಾಲ್ಕು ಹೆಣಿಗೆ

(ಕರಕುಶಲ ವಿಭಾಗ – 10ನೇ ತರಗತಿಯ ವಿದ್ಯಾರ್ಥಿನಿಯಿಂದ)

 

ಸ್ವೆಟರ್ ಹೆಣೆಯುವುದು ಹೇಗೆ ಎಂದು ನಮ್ಮ ಮಲೆನಾಡಿನಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿದರೆ ಮೂರು ತಿಂಗಳು ಹೊರಗೆ ಹೋಗೋ ಹಾಗಿಲ್ಲ, ಮಳೆ ಬಿಟ್ಟರೆ ಚಳಿ. ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಜೊತೆ ಕಡ್ಡಿ, ನಾಲ್ಕು ಉಂಡೆ ಉಲ್ಲನ್ ಇದ್ದೇ ಇರುತ್ತದೆ. ಹಾಗೆಯೇ ಪ್ರತಿ ಮನೆಯಲ್ಲೂ ಅರ್ಧಕ್ಕೆ ನಿಂತ ಒಂದು ಸ್ವೆಟರ್ ಟ್ರಂಕಿನ ತಳದಲ್ಲಿ ಇರುತ್ತದೆ. ಬೇಕಾದರೆ ಮನೆಗೆ ಹೋಗಿ ನೋಡಿ! "ಒಂದನ್ನು ಮುಗಿಸಿ ಇನ್ನೊಂದು ಹಿಡಿ" ಎಂದು ದೊಡ್ಡವರು ಹೇಳುವುದು ಇದಕ್ಕೇ. ಮೇಷ್ಟ್ರುಗಳೂ ಪಾಠದ ವಿಷಯದಲ್ಲಿ ಹಾಗೇ ಹೇಳುತ್ತಾರೆ. ಆದರೆ ಹೆಣಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾಲ್ಕು ಹೆಣಿಗೆಯನ್ನು ಒಟ್ಟಿಗೆ ಹಿಡಿಯಬಹುದು. ಆದರೆ ನಾಲ್ಕೂ ನಾಲ್ಕು ಜಾತಿಯದಾಗಿರಬೇಕು, ಮತ್ತು ಯಾವುದನ್ನು ಕೈಗೆತ್ತಿಕೊಂಡರೂ ಅದು ಎಲ್ಲಿಗೆ ಬಂದಿದೆ ಎಂದು ಅದೇ ನಮಗೆ ಹೇಳುವಂತಿರಬೇಕು.

ಈಗ ನಮ್ಮ ಮನೆಯ ಬುಟ್ಟಿಯಲ್ಲಿ ಇರುವುದು ಇವು. ಅಜ್ಜನಿಗೆ ಬೂದು ಬಣ್ಣದ ತೋಳಿಲ್ಲದ ಸ್ವೆಟರ್. ತಮ್ಮನಿಗೆ ಶಾಲೆಯ ನೀಲಿ ಸ್ವೆಟರ್, ಉದ್ದ ತೋಳಿನದು. ಕಾಫಿ ಕುಯ್ಲಿಗೆ ಬೆಳಗಿನ ಚಳಿಯಲ್ಲಿ ಹೋಗುವ ಅಮ್ಮನಿಗೆ ಕಾಲುಚೀಲ. ಹೆರಿಗೆಗೆ ತವರಿಗೆ ಬರಲಿರುವ ಅಕ್ಕನ ಮಗುವಿಗೆ ಕುಲಾವಿ ಮತ್ತು ಪುಟ್ಟ ಕಾಲುಚೀಲ. ಕೆಲಸ ಮಾಡುವ ಕೈ ಎರಡು ಜೊತೆ: ನನ್ನದು, ಅಜ್ಜಿಯದು. ಕಾಫಿ ಹಣ್ಣಾಗುವ ಹೊತ್ತಿಗೆ ಅಮ್ಮನದು ಬೇಕು, ಪುಷ್ಯದಲ್ಲಿ ಅಕ್ಕನಿಗೆ ದಿನ ತುಂಬುತ್ತದೆ. ಸಂಕ್ರಾಂತಿ ಆದಮೇಲೆ ಕಡ್ಡಿ ಮುಟ್ಟಕೂಡದು, ಪರೀಕ್ಷೆಗೆ ಓದಬೇಕು ಎಂದು ಅಪ್ಪ ಈಗಲೇ ಅಪ್ಪಣೆ ಕೊಡಿಸಿದ್ದಾರೆ. ಒಂದಾದಮೇಲೆ ಒಂದು ಅಂತ ಕೂತರೆ ಕೊನೆಯದು ಮುಂದಿನ ವರ್ಷಕ್ಕೇ ಸೈ.

ಮೊದಲು ಸ್ವಲ್ಪ ವಿಜ್ಞಾನ. ನಮ್ಮ ಕಡೆ ಹೊದೆಯುವ ಕಂಬಳಿಯೂ ಉಣ್ಣೆಯದೇ. ಆದರೆ ಅದು ನೇಯ್ದದ್ದು, ಹೆಣೆದದ್ದಲ್ಲ. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ನೂಲು ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ನೂಲು. ಅದೇ ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಟು ಸಾಲು ಸಾಲಾಗಿ ಬೆಳೆಯುತ್ತದೆ. ಕುಣಿಕೆ ಅಗಲಕ್ಕೆ ಬೇಕಾದರೆ ಅಗಲವಾಗುತ್ತದೆ, ಉದ್ದಕ್ಕೆ ಬೇಕಾದರೆ ಉದ್ದವಾಗುತ್ತದೆ. ಅದಕ್ಕೇ ಸ್ವೆಟರ್ ಎಳೆದರೆ ಹಿಗ್ಗುತ್ತದೆ, ಕಂಬಳಿ ಹಿಗ್ಗಲ್ಲ. (ಇದೇ ಕಾರಣಕ್ಕೆ ಹೆಣೆದ ಕಾಲುಚೀಲ ಹಾಕಿಕೊಂಡು ಮಳೆಗಾಲದಲ್ಲಿ ತೋಟಕ್ಕೆ ಇಳಿಯಬೇಡಿ. ಹಿಗ್ಗಿದ ಕುಣಿಕೆಯ ಸಂದಿಯಲ್ಲಿ ಇಂಬಳ ಆರಾಮಾಗಿ ನುಗ್ಗುತ್ತೆ! ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಚೀಲವೇ ಬೇಕು.) ಒಂದೇ ನೂಲಾದ್ದರಿಂದ ಇನ್ನೊಂದು ಗುಣವೂ ಬಂತು. ಕಡ್ಡಿಯಿಂದ ಜಾರಿದ ಒಂದು ಕುಣಿಕೆ ಏಣಿಯ ಹಾಗೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗಬಲ್ಲದು. ಅರ್ಧದಲ್ಲಿ ನಿಲ್ಲಿಸಿದ ಹೆಣಿಗೆ ಎಂದರೆ ಬಾಗಿಲು ತೆರೆದಿಟ್ಟ ಮನೆ ಇದ್ದ ಹಾಗೆ. ನಾಲ್ಕು ಹೆಣಿಗೆ ಇದ್ದರೆ ನಾಲ್ಕು ಬಾಗಿಲು.

ಕಡ್ಡಿಯ ಲೆಕ್ಕ ಹೇಳುತ್ತೇನೆ. ಕಡ್ಡಿಯ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ ಎಂಬುದು ಹೊಸಬರಿಗೆ ವಿಚಿತ್ರ ಎನಿಸುತ್ತದೆ. 8ನೇ ನಂಬರ್ ಎಂದರೆ 4 ಮಿಲಿಮೀಟರ್ ದಪ್ಪ, 10 ಎಂದರೆ 3.25, 12 ಎಂದರೆ 2.75, 14 ಎಂದರೆ 2 ಮಿಲಿಮೀಟರ್. ನಮ್ಮಲ್ಲಿ 8 ಮತ್ತು 10 ಒಂದೊಂದು ಜೊತೆ ಇವೆ. ಕಾಲುಚೀಲಕ್ಕೆ ಎರಡೂ ತುದಿ ಚೂಪಾದ 12ನೇ ನಂಬರಿನ ಐದು ಕಡ್ಡಿ ಇವೆ. ಮಗುವಿನದಕ್ಕೆ ಅಜ್ಜ ಹಳೇ ಸೈಕಲ್ಲಿನ ಸ್ಪೋಕ್ ಕತ್ತರಿಸಿ ಕಲ್ಲಿಗೆ ಉಜ್ಜಿ ಕೊಟ್ಟಿದ್ದಾರೆ. ಸಾಮಾನ್ಯ ಸೈಕಲ್ ಸ್ಪೋಕ್ 2 ಮಿಲಿಮೀಟರ್ ದಪ್ಪ ಇರುತ್ತದೆ, ಅಂದರೆ ಸರಿಯಾಗಿ 14ನೇ ನಂಬರ್! ಆದರೆ ಉಜ್ಜಿದ ತುದಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಬಿಳಿ ಉಲ್ಲನ್‌ನಲ್ಲಿ ಅದನ್ನು ವಾರಗಟ್ಟಲೆ ಚುಚ್ಚಿಟ್ಟರೆ ಕಂದು ಕಲೆ ಖಾಯಂ. ದಿನಾ ಹೆಣೆಯದಿದ್ದರೆ ಕಡ್ಡಿ ತೆಗೆದಿಡಬೇಕು.

ಕಡ್ಡಿ ತೆಗೆದರೆ ಕುಣಿಕೆ ಎಲ್ಲಿ ಇಡೋದು? ಇದೇ ಮುಖ್ಯ ವಿದ್ಯೆ. ಅಜ್ಜನ ಸ್ವೆಟರಿನ ಬಾರ್ಡರ್‌ಗೂ 10ನೇ ಕಡ್ಡಿ ಬೇಕು, ತಮ್ಮನ ಸ್ವೆಟರ್ ಪೂರ್ತಿ 10ರಲ್ಲೇ. ಇರುವುದು ಒಂದೇ ಜೊತೆ. ಆಗ ಒಂದು ದಬ್ಬಳಕ್ಕೆ ಬೇರೆ ಬಣ್ಣದ ಹತ್ತಿ ದಾರ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳನ್ನೂ ಒಂದೊಂದಾಗಿ ದಾರಕ್ಕೆ ಇಳಿಸಿ, ದಾರದ ಎರಡು ತುದಿ ಗಂಟು ಹಾಕಿಬಿಡಿ. ಕಡ್ಡಿ ಬಿಡುಗಡೆಯಾಯಿತು, ಬಾಗಿಲಿಗೂ ಚಿಲಕ ಬಿತ್ತು. ಪಿನ್ನು ಬೇಡ, ಅದಕ್ಕೂ ತುಕ್ಕಿನ ಕಾಟ. ಉಲ್ಲನ್ ತುಂಡನ್ನೂ ಬಳಸಬೇಡಿ, ಎಳೆಗೆ ಎಳೆ ಅಂಟಿಕೊಂಡು ತೆಗೆಯುವಾಗ ಕಷ್ಟ. ವಾಪಸ್ ಕಡ್ಡಿಗೆ ಏರಿಸಿದ ಕೂಡಲೇ ಎಣಿಸಬೇಕು. 104 ಇದ್ದದ್ದು 103 ಆಗಿದ್ದರೆ ಒಂದು ಕುಣಿಕೆ ಎಲ್ಲೋ ಬಾಯಿ ಬಿಟ್ಟುಕೊಂಡು ಕೂತಿದೆ ಎಂದರ್ಥ.

ಇನ್ನು ಬೆಳಕು. ನಾಲ್ಕು ಹೆಣಿಗೆಯೂ ನಾಲ್ಕು ಜಾತಿ ಇರಬೇಕು ಅಂದೆನಲ್ಲ, ಅದು ಇದಕ್ಕೇ. ಅಜ್ಜಿಗೆ ಪೊರೆ ಬಂದು ಕಣ್ಣು ಮಂಜಾಗಿದೆ. ದಾರದ ಬಣ್ಣ ಕಾಣುತ್ತೆ, ಕುಣಿಕೆ ಕಾಣಲ್ಲ. ಆದರೂ ಸಂಜೆ ಕರೆಂಟು ಹೋದಮೇಲೂ ಅವರ ಕೈ ನಿಲ್ಲುವುದಿಲ್ಲ. ಹೇಗೆ ಎಂದು ಗಮನಿಸಿ ನೋಡಿದೆ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯಲ್ಲಿ ಒಂದು ಮುಖ ನಯ, ಇನ್ನೊಂದು ಮುಖದಲ್ಲಿ ಅಡ್ಡಡ್ಡ ಉಬ್ಬು. ಸಾಲು ಶುರು ಮಾಡುವ ಮೊದಲು ಅಜ್ಜಿ ಹೆಬ್ಬೆರಳಿನಿಂದ ಒಮ್ಮೆ ಸವರುತ್ತಾರೆ. ತಮ್ಮ ಕಡೆಗೆ ನಯ ಇದ್ದರೆ ಸೀದಾ, ಉಬ್ಬು ಇದ್ದರೆ ಉಲ್ಟಾ. ಅಷ್ಟೇ! ನೆನಪೂ ಬೇಡ, ದೀಪವೂ ಬೇಡ. ಆದ್ದರಿಂದ ಅಜ್ಜನ ಸ್ವೆಟರಿನ ಉದ್ದನೆ ಮೈ ಅಜ್ಜಿಯ ಪಾಲು. ಕಂಕುಳಿನ ಹತ್ತಿರ, ಕತ್ತಿನ ಹತ್ತಿರ ಕುಣಿಕೆ ಇಳಿಸಬೇಕಾಗಿ ಬಂದಾಗ ಅದು ನನ್ನ ಕೈಗೆ ಬರುತ್ತದೆ. ಎಣಿಸುವ ಕೆಲಸ, ಅಂದರೆ ಹಿಮ್ಮಡಿ, ತೋಳು, ಕುಲಾವಿಯ ನೆತ್ತಿ, ಇವೆಲ್ಲ ಭಾನುವಾರ ಹಗಲಿಗೆ. ಮಾತಾಡುತ್ತಾ ಮಾಡುವಂಥದ್ದು, ಅಂದರೆ ಕಾಲುಚೀಲದ ಸುತ್ತು ಸುತ್ತು ಸೀದಾ ಹೆಣಿಗೆ, ಮಧ್ಯಾಹ್ನ ಊಟದ ಬಿಡುವಿಗೆ. ಒಂದೇ ಥರದ ಎರಡು ಹೆಣಿಗೆ, ಉದಾಹರಣೆಗೆ ಎರಡು ಡಿಸೈನ್ ಸ್ವೆಟರ್, ಒಟ್ಟಿಗೆ ಹಿಡಿದರೆ ಎರಡಕ್ಕೂ ಬೇಕಾಗುವುದು ಅದೇ ಭಾನುವಾರವೇ. ಟ್ರಂಕಿನ ತಳಕ್ಕೆ ಹೋಗುವುದು ಇಂಥವೇ.

ಈಗ ಲೆಕ್ಕ. ಗಣಿತ ಕಷ್ಟ ಅನ್ನುವವರು ಈ ಭಾಗವನ್ನು ದಯವಿಟ್ಟು ಬಿಡಬೇಡಿ, ಇದು ಬರೀ ತ್ರೈರಾಶಿ. ಪ್ರತಿಯೊಬ್ಬರ ಕೈ ಬಿಗಿಯೂ ಬೇರೆ. ಆದ್ದರಿಂದ ಅದೇ ದಾರ, ಅದೇ ಕಡ್ಡಿಯಲ್ಲಿ ಒಂದು ಅಂಗೈ ಅಗಲದ ತುಂಡು ಹೆಣೆದು, ಸ್ಕೇಲಿಟ್ಟು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂದು ಎಣಿಸಬೇಕು. 8ನೇ ಕಡ್ಡಿಯಲ್ಲಿ ನಮಗೆ 22 ಬಂತು. ಅಜ್ಜನ ಎದೆ ಸುತ್ತಳತೆ 90, ಒಳಗೆ ಅಂಗಿ ಇರುವುದರಿಂದ 8 ಹೆಚ್ಚಿಗೆ, ಒಟ್ಟು 98 ಸೆಂಟಿಮೀಟರ್. 98ನ್ನು 10ರಿಂದ ಭಾಗಿಸಿ 22ರಿಂದ ಗುಣಿಸಿದರೆ 215.6. ಅದನ್ನು 216 ಮಾಡಿಕೊಂಡರೆ ಮುಂಭಾಗ 108, ಬೆನ್ನು 108. ಎರಡು ಸೀದಾ ಎರಡು ಉಲ್ಟಾ ಬಾರ್ಡರ್‌ಗೆ 4ರಿಂದ ಭಾಗ ಹೋಗುವ ಸಂಖ್ಯೆ ಒಳ್ಳೆಯದು, 108 ಹೋಗುತ್ತದೆ. ಯಾರ ಕೈಯಾದರೂ ಸಡಿಲವಾಗಿ 22ರ ಬದಲು 20 ಬಂದರೆ? ಅದೇ 216 ಕುಣಿಕೆಗೆ ಸ್ವೆಟರ್ 108 ಸೆಂಟಿಮೀಟರ್ ಆಗುತ್ತದೆ. ಎರಡೇ ಎರಡು ಕುಣಿಕೆಯ ವ್ಯತ್ಯಾಸಕ್ಕೆ ಹತ್ತು ಸೆಂಟಿಮೀಟರ್! ಅಜ್ಜಿ ಮತ್ತು ನಾನು ಒಂದೇ ಸ್ವೆಟರ್ ಹಂಚಿಕೊಂಡಾಗ ಇದನ್ನೇ ಮೊದಲು ನೋಡಿದೆವು. ಅವರ ಕೈ ನನ್ನ ಕೈಗಿಂತ ಬಿಗಿ. ಅದಕ್ಕೇ ಒಂದೇ ತುಂಡನ್ನು ಇಬ್ಬರೂ ಅದಲು ಬದಲು ಹೆಣೆಯುವುದಿಲ್ಲ. ಮೈಯ ನೇರ ಭಾಗ ಪೂರ್ತಿ ಅವರದು, ಅವರ ಅಳತೆ ತುಂಡಿನ ಲೆಕ್ಕವೇ ಅದಕ್ಕೆ. ಕಂಕುಳಿನಿಂದ ಮೇಲೆ ನಾನು ಕೈ ಸ್ವಲ್ಪ ಬಿಗಿ ಮಾಡಿಕೊಳ್ಳುತ್ತೇನೆ.

ಪ್ರತಿ ಹೆಣಿಗೆಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ದೊಡ್ಡ ಬರವಣಿಗೆ ಬೇಡ. ನನ್ನ ಪುಟದಲ್ಲಿ ಇರುವುದು ಹೀಗೆ: "ತಮ್ಮ, ನೀಲಿ, ಕಡ್ಡಿ 10, ಮುಂಭಾಗ, 104 ಕುಣಿಕೆ, ಬಾರ್ಡರ್ 20 ಸಾಲು ಆಯ್ತು, ಮೈ 46 ಸಾಲು ಆಯ್ತು, ಮುಂದಿನದು ಸೀದಾ." ಕೈಯಿಂದ ಕೆಳಗಿಡುವ ಮೊದಲೇ ಬರೆಯಬೇಕು. ಊಟ ಆದಮೇಲೆ ಬರೆಯೋಣ ಅಂದರೆ ಮರೆತಂತೆಯೇ. ಆ ಪುಟಕ್ಕೇ ಉಂಡೆಯ ಮೇಲಿನ ಕಾಗದದ ಚೀಟಿಯನ್ನೂ ಅಂಟಿಸಿ. ಅದರಲ್ಲಿ ಲಾಟ್ ನಂಬರ್ ಇರುತ್ತದೆ. ಒಂದೇ ಬಣ್ಣ ಅಂತ ಅಂಗಡಿಯವರು ಕೊಟ್ಟರೂ ಬೇರೆ ಬೇರೆ ಸಲ ಬಣ್ಣ ಅದ್ದಿದ ದಾರ ಬಿಸಿಲಿಗೆ ಹಿಡಿದರೆ ಬೇರೆಯಾಗಿಯೇ ಕಾಣುತ್ತದೆ. ಕೊನೆಗೆ ಒಂದು ಉಂಡೆ ಕಮ್ಮಿ ಬಿದ್ದು ಬೇರೆ ಲಾಟೇ ಸಿಕ್ಕಿದರೆ, ಹಳೆಯದರಲ್ಲಿ ಎರಡು ಸಾಲು ಹೊಸದರಲ್ಲಿ ಎರಡು ಸಾಲು ಎಂದು ಬೆರೆಸುತ್ತಾ ಹೋಗಿ. ಪಟ್ಟೆ ಎದ್ದು ಕಾಣುವುದಿಲ್ಲ.

ಕಾಲುಚೀಲಕ್ಕೆ ಬರೋಣ. ಇದರಲ್ಲಿ ಒಂದು ಜಾಗದಲ್ಲಿ ಮಾತ್ರ ಏನೇ ಆದರೂ ನಿಲ್ಲಿಸಕೂಡದು, ಅದು ಹಿಮ್ಮಡಿ ತಿರುಗಿಸುವ ಜಾಗ. ಅಮ್ಮನ ಪಾದದ ಸುತ್ತಳತೆ 20 ಸೆಂಟಿಮೀಟರ್. 12ನೇ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 30, ಅಂದರೆ 60 ಕುಣಿಕೆ. ಸ್ವೆಟರ್ ಮೈಗಿಂತ ದೊಡ್ಡದಿರಬೇಕು, ಕಾಲುಚೀಲ ಕಾಲಿಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಜಾರುತ್ತದೆ. ಹತ್ತನೇ ಒಂದು ಭಾಗ ಕಳೆದರೆ 54, 4ರಿಂದ ಭಾಗ ಹೋಗಲು 56 ಮಾಡಿಕೊಂಡೆ. ಕಣಕಾಲಿನವರೆಗೆ ಸುತ್ತು ಸುತ್ತು ಹೆಣೆದು, ಆಮೇಲೆ ಅರ್ಧ ಕುಣಿಕೆಗಳನ್ನು, ಅಂದರೆ 28ನ್ನು ಮಾತ್ರ ತೆಗೆದುಕೊಂಡು 28 ಸಾಲು ಹಿಂದೆ ಮುಂದೆ ಹೆಣೆಯಬೇಕು. ಇದು ಹಿಮ್ಮಡಿಯ ಹಿಂದಿನ ಪಟ್ಟಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸಿದರೆ ಅಂಚಿನಲ್ಲಿ 14 ದೊಡ್ಡ ಕುಣಿಕೆ ಸಾಲಾಗಿ ಸಿಗುತ್ತವೆ, ಮುಂದೆ ಬೇಕಾಗುತ್ತದೆ.

ಈಗ ತಿರುವು. 16 ಹೆಣೆದು, ಎರಡನ್ನು ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಉಳಿದ 9ನ್ನು ಹಾಗೇ ಬಿಟ್ಟು ತಿರುಗಿ. ಒಂದು ಜಾರಿಸಿ, 5 ಉಲ್ಟಾ, ಎರಡು ಸೇರಿಸಿ ಒಂದು, ಇನ್ನೊಂದು ಉಲ್ಟಾ, ಮತ್ತೆ ತಿರುಗಿ. ಆ ಕಡೆಯೂ 9 ಉಳಿದಿರುತ್ತದೆ. ತಿರುಗಿದ ಜಾಗದಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಮುಂದಿನ ಪ್ರತಿ ಸಾಲಿನಲ್ಲೂ ಸಂದಿನ ಈಚೆಯ ಒಂದು, ಆಚೆಯ ಒಂದು ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು ತಿರುಗುವುದು. ಕೊನೆಯ ಎರಡು ಸಾಲಿನಲ್ಲಿ ಆಚೆ ಒಂದೊಂದೇ ಉಳಿದಿರುವುದರಿಂದ ಸೇರಿಸಿದರೆ ಮುಗಿಯಿತು. 28 ಇದ್ದದ್ದು 16 ಆಗಿ, ಚಪ್ಪಟೆ ಪಟ್ಟಿ ಬಟ್ಟಲಿನ ಹಾಗೆ ಬಾಗಿರುತ್ತದೆ! ಮೊದಲ ಸಲ ನೋಡಿದಾಗ ಜಾದೂ ಅನಿಸುತ್ತದೆ. ಆ 16, ಎರಡು ಅಂಚಿನಿಂದ ಎತ್ತಿದ 14 ಮತ್ತು 14, ಪಾದದ ಮೇಲಿನ 28, ಒಟ್ಟು 72. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೆರಡು ಇಳಿಸುತ್ತಾ 8 ಸಲ ಇಳಿಸಿದರೆ ಮತ್ತೆ 56.

ತಿರುವಿನ ನಡುವೆ ಎದ್ದುಹೋದರೆ ಏನಾಗುತ್ತದೆ ಎಂದರೆ, ಸಂದು ಒಂದೇ ಗುರುತು. ಚೀಲದಲ್ಲಿ ಮುದುಡಿ ಎರಡು ದಿನ ಬಿದ್ದಿದ್ದರೆ ಕುಣಿಕೆಗಳು ಸರಿದು ಸಂದು ಮುಚ್ಚಿಹೋಗುತ್ತದೆ. ಎಷ್ಟು ಬರೆದಿಟ್ಟರೂ ಯಾವ ಕಡೆ ಎಷ್ಟು ಎಂದು ಹೊಳೆಯುವುದಿಲ್ಲ. ಹತ್ತು ಹನ್ನೆರಡು ಸಾಲಿನ ಕೆಲಸ, ಅರ್ಧ ಗಂಟೆ. ಅಷ್ಟು ಹೊತ್ತು ಇದ್ದರೆ ಮಾತ್ರ ಶುರು ಮಾಡಿ. ಊಟದ ಬಿಡುವಿನ ಕೊನೆಗೆ ಬೆಲ್ ಹೊಡೆಯೋ ಟೈಮಲ್ಲಿ ಬೇಡ ಕಣ್ರೇ.

ಜೊತೆ ಇರುವ ವಸ್ತುಗಳದ್ದು ಬೇರೆಯೇ ಸಮಸ್ಯೆ. ಒಂದು ಕಾಲುಚೀಲ ಮುಗಿದರೆ ಅರ್ಧ ಮುಗಿಯಿತು ಅಷ್ಟೇ. ಆದರೆ ಮನಸ್ಸು ಪೂರ್ತಿ ಮುಗಿಯಿತು ಅನ್ನುತ್ತದೆ. ತಿಂಗಳು ಬಿಟ್ಟು ಎರಡನೆಯದು ಹಿಡಿದರೆ ಕೈ ಬಿಗಿ ಬದಲಾಗಿ ಒಂದು ಚಿಕ್ಕದು ಒಂದು ದೊಡ್ಡದು. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ' ಕಾದಂಬರಿಯ (1869) ಕೊನೆಯ ಭಾಗದಲ್ಲಿ ಅನ್ನಾ ಮಕಾರೊವ್ನಾ ಎಂಬ ಹೆಂಗಸು ಬರುತ್ತಾಳೆ. ಅವಳು ಒಂದೇ ಕಡ್ಡಿಗಳ ಮೇಲೆ ಎರಡು ಕಾಲುಚೀಲಗಳನ್ನು ಒಂದರೊಳಗೊಂದು ಹೆಣೆದು, ಮುಗಿದಾಗ ಮಕ್ಕಳೆಲ್ಲರ ಎದುರಿಗೆ ಒಂದರೊಳಗಿಂದ ಇನ್ನೊಂದನ್ನು ಎಳೆದು ತೋರಿಸುತ್ತಾಳೆ! ಇದು ಕಟ್ಟುಕತೆಯಲ್ಲ, ನಿಜವಾಗಿಯೂ ಸಾಧ್ಯ. ಎರಡು ಉಂಡೆ ಇಟ್ಟುಕೊಂಡು ಒಂದು ಕುಣಿಕೆ ಹೊರಗಿನದಕ್ಕೆ, ಒಂದು ಒಳಗಿನದಕ್ಕೆ ಎಂದು ಹೆಣೆಯಬೇಕು. ಎಲ್ಲಾದರೂ ಒಂದೇ ಒಂದು ಕಡೆ ನೂಲು ಅದಲುಬದಲಾದರೆ ಎರಡೂ ಅಲ್ಲಿಗೆ ಅಂಟಿಕೊಂಡವು. ನನ್ನ ಪ್ರಕಾರ ಅದು ಮಕ್ಕಳನ್ನು ನಗಿಸಲು ಸರಿ, ನಮಗೆ ಬೇಡ. ಅದಕ್ಕಿಂತ ಸುಲಭದ್ದು ತಮ್ಮನ ತೋಳುಗಳಿಗೆ ನಾನು ಮಾಡುವ ಉಪಾಯ. ಉದ್ದನೆ ಕಡ್ಡಿಯ ಮೇಲೆ ಎರಡೂ ತೋಳು ಪಕ್ಕಪಕ್ಕ, ಎರಡಕ್ಕೂ ಬೇರೆ ಬೇರೆ ಉಂಡೆ. ಒಂದರ ಸಾಲು ಮುಗಿಸಿ ಅದೇ ಕೈಯಲ್ಲಿ ಇನ್ನೊಂದರ ಸಾಲು. ಎರಡೂ ಒಂದೇ ದಿನ, ಒಂದೇ ಕೈ ಬಿಗಿಯಲ್ಲಿ ಬೆಳೆಯುತ್ತವೆ. ನಿಯಮ ಒಂದೇ: ನಿಲ್ಲಿಸುವುದಾದರೆ ಎರಡರ ಸಾಲೂ ಮುಗಿಸಿಯೇ ನಿಲ್ಲಿಸಬೇಕು.

ಯಾರದನ್ನು ಮೊದಲು ಮುಗಿಸಬೇಕು ಎಂಬುದಕ್ಕೆ ನಮ್ಮ ಮನೆಯಲ್ಲಿ ಚರ್ಚೆಯೇ ಆಯಿತು. ಮೊದಲು ಕೇಳಿದವರದು ಮೊದಲು ಎಂದರು ಅಪ್ಪ. ಅಜ್ಜಿಯ ಲೆಕ್ಕ ಬೇರೆ: ಬೆಳೆಯುವವರದು ಮೊದಲು. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇರುವ ಮಗು ಒಂದು ವರ್ಷಕ್ಕೆ ಸುಮಾರು 75 ಆಗುತ್ತದೆ. ಮಗುವಿನ ಕಾಲುಚೀಲ ಮೂರು ತಿಂಗಳು ತಡವಾದರೆ ಅದು ಗೊಂಬೆಗೇ ಸರಿ. ತಮ್ಮನೂ ಬೆಳೆಯುತ್ತಿದ್ದಾನೆ. ಅವನಿಗೆ ಒಂದು ಅನುಕೂಲ ಇದೆ. ತೋಳುಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆಯದೆ, ಮುಂಭಾಗ ಬೆನ್ನು ಭುಜದಲ್ಲಿ ಸೇರಿಸಿದ ಮೇಲೆ ಕಂಕುಳಿನ ಅಂಚಿನಿಂದ ಕುಣಿಕೆ ಎತ್ತಿಕೊಂಡು ಕೆಳಕ್ಕೆ ಹೆಣೆದರೆ, ಮುಂದಿನ ವರ್ಷ ಬಾರ್ಡರ್ ಮಾತ್ರ ಬಿಚ್ಚಿ ನಾಲ್ಕು ಬೆರಳು ಉದ್ದ ಮಾಡಬಹುದು. ಅದಕ್ಕಾಗಿ ಅದೇ ಲಾಟಿನ ಒಂದು ಉಂಡೆ ಮೀಸಲಿಟ್ಟಿದ್ದೇನೆ.

ಅಜ್ಜನ ಎದೆಯ ಅಳತೆ ಮಾತ್ರ ಬದಲಾಗುವುದಿಲ್ಲ. "ನನ್ನದು ಕಡೆಗಿರಲಿ, ಮಕ್ಕಳದ್ದು ಮುಗ್ಸಿ" ಎಂದು ಅಜ್ಜ ಯಾವಾಗಲೂ ಹೇಳುತ್ತಾರೆ. ಕೇಳದವರ ಹೆಣಿಗೆಯೇ ಪ್ರತಿವರ್ಷ ಹಿಂದಕ್ಕೆ ಹೋಗುತ್ತದೆ, ಬೆಳೆಯುವವರದು ಮೊದಲು ಎಂಬ ಲೆಕ್ಕದಲ್ಲೂ ಅವರು ಕೊನೆಯವರೇ. ಆದರೆ ಧನುರ್ಮಾಸದ ಚಳಿಯಲ್ಲಿ ಬೆಳಗಿನ ಆರಕ್ಕೇ ಡೈರಿಗೆ ಹಾಲು ತೆಗೆದುಕೊಂಡು ಹೋಗುವವರು ಅಜ್ಜ. ಕಳೆದ ವರ್ಷ ಹಿಡಿದ ಕೆಮ್ಮು ಶಿವರಾತ್ರಿಯವರೆಗೂ ಬಿಡಲಿಲ್ಲ. ಅದಕ್ಕಾಗಿಯೇ ಅವರ ಸ್ವೆಟರನ್ನು ಅಜ್ಜಿಯ ಕೈಗೆ ಕೊಟ್ಟದ್ದು. ಉಳಿದ ಮೂರು ನನ್ನ ಬಿಡುವು ನೋಡಿಕೊಂಡು ನಡೆಯುತ್ತವೆ, ನಿಲ್ಲುತ್ತವೆ. ಅಜ್ಜನದು ದಿನಕ್ಕೆ ನಾಲ್ಕೇ ಸಾಲಾದರೂ ದಿನಾ ಆಗುತ್ತದೆ. ಅದಕ್ಕೆ ಯಾರ ಬಿಡುವೂ ಬೇಡ, ಕರೆಂಟೂ ಬೇಡ.

ಗಂಡುಹುಡುಗರಿಗೆ ಒಂದು ಮಾತು. ಇದು ಹೆಣ್ಣುಮಕ್ಕಳ ಕೆಲಸ ಅಂತ ನಗಬೇಡಿ. 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಲೀ, ಗಂಡಸರೇ. ಬಜಾರಿನ ಸ್ವೆಟರ್ ಹೆಣೆಯುವ ಇಂದಿನ ಯಂತ್ರಗಳ ಮೂಲ ಅದೇ. ಸ್ಪೋಕ್ ಉಜ್ಜಿ ಕಡ್ಡಿ ಮಾಡಿಕೊಡುವವರು ಬೇಕಾಗಿದ್ದಾರೆ, ಮೊದಲು ಅದಕ್ಕಾದರೂ ಬನ್ನಿ.

ಐದನೆಯ ಹೆಣಿಗೆ ಹಿಡಿಯಬಹುದೇ ಎಂದು ಗೆಳತಿಯೊಬ್ಬಳು ಕೇಳಿದಳು. ನಮ್ಮಲ್ಲಿರುವ ಕಡ್ಡಿ ನಾಲ್ಕು ಬಗೆ, ದಿನದ ಬೆಳಕೂ ಹೆಚ್ಚುಕಡಿಮೆ ನಾಲ್ಕು ಬಗೆ. ಐದನೆಯದು ಬಂದರೆ ಯಾವುದೋ ಒಂದು ದಾರಕ್ಕೆ ಇಳಿಯಬೇಕು. ಚಿಕ್ಕಮ್ಮ ಟೋಪಿ ಕೇಳಿದ್ದಾರೆ, ಅವರ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದೇನೆ, ದಾರ ಕೊಂಡಿಲ್ಲ.

ಇದನ್ನು ಬರೆಯುವ ದಿನಕ್ಕೆ ಕುಲಾವಿ ಮುಗಿದಿದೆ, ಮಗುವಿನ ಒಂದು ಕಾಲುಚೀಲ ಆಗಿದೆ. ಅಮ್ಮನ ಎರಡನೆಯ ಕಾಲುಚೀಲ ಹಿಮ್ಮಡಿ ದಾಟಿದೆ. ತಮ್ಮನದು ದಾರದ ಮೇಲಿದೆ. ಅಜ್ಜನ ಬೆನ್ನಿನ ಭಾಗ ಕಂಕುಳಿಗೆ ನಾಲ್ಕು ಬೆರಳು ಬಾಕಿ. ಹಿಮ್ಮಡಿ ತಿರುಗಿಸುವುದನ್ನು ಕಣ್ಣಾರೆ ನೋಡಬೇಕು ಎನ್ನುವವರು ಗುರುವಾರ ಕ್ರಾಫ್ಟ್ ಪೀರಿಯಡ್‌ಗೆ ಐದು ಕಡ್ಡಿ, ಒಂದು ಉಂಡೆ ದಪ್ಪ ದಾರ, ಒಂದು ಸ್ಕೇಲು ತನ್ನಿ. ದಾರ ಇಲ್ಲದವರು ಹಳೇ ಸ್ವೆಟರ್ ಬಿಚ್ಚಿ ತಂದರೂ ಆಗುತ್ತದೆ. ಬಿಚ್ಚಿದ ದಾರವನ್ನು ಲಡಿ ಕಟ್ಟಿ ತಣ್ಣೀರಲ್ಲಿ ಅದ್ದಿ, ಕೆಳಗೆ ಸ್ವಲ್ಪ ಭಾರ ಕಟ್ಟಿ ನೇತುಹಾಕಿ ಒಣಗಿಸಿ, ಸುಕ್ಕು ಹೋಗುತ್ತದೆ. ಒಲೆಯ ಹತ್ತಿರ ಮಾತ್ರ ಒಣಗಿಸಬೇಡಿ, ಈಗಿನ ಉಲ್ಲನ್ ಬಹಳಷ್ಟು ಅಕ್ರಿಲಿಕ್, ಬೆಂಕಿಯ ಶಾಖಕ್ಕೆ ಜೋತುಬೀಳುತ್ತದೆ.